ದಾಸವಾಳಕ್ಕೆ ಬಿಳಿ ಹುಳ, ಬೇಳೆಗೂ ಹುಳ: ನೀವೆಲ್ಲ ಏನು ಮಾಡುತ್ತೀರಿ?

ಡೊಂಬಿವಲಿಯಿಂದ ಪ್ರಶ್ನೆ:
ನಮ್ಮದು ಮೂರನೇ ಮಹಡಿ, ಸಣ್ಣ ಬಾಲ್ಕನಿ. ದಾಸವಾಳದ ಚಿಗುರಿಗೆಲ್ಲ ಹತ್ತಿಯಂಥ ಬಿಳಿ ಹುಳ ಮೆತ್ತಿಕೊಂಡಿದೆ. ಮೊಗ್ಗು ಅರಳುವ ಮೊದಲೇ ಉದುರುತ್ತಿದೆ. ಮಳೆ ಶುರುವಾದ ಮೇಲೆ ಸೊಳ್ಳೆ ಬೇರೆ. ಬೇಳೆ ಡಬ್ಬಿಯಲ್ಲೂ ಹುಳ. ಎರಡು ವರ್ಷದ ಮಗಳಿದ್ದಾಳೆ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾಳೆ. ವಿಷದ ಔಷಧಿ ಬೇಡ. ಅನುಭವ ಇದ್ದವರು ಹೇಳಿ.

ಮುಲುಂಡ್‌ನಿಂದ:
ಅದು ಹಿಟ್ಟು ತಿಗಣೆ ತಂಗಿ. ನನ್ನ ಎರಡು ದಾಸವಾಳ ಅದರಿಂದಲೇ ಹೋದವು. ಆಮೇಲೆ ಗೊತ್ತಾಯಿತು, ಮೊದಲು ಇರುವೆ ನೋಡಬೇಕು ಅಂತ. ಹಿಟ್ಟು ತಿಗಣೆ ಗಿಡದ ರಸ ಹೀರಿ ಸಿಹಿ ಅಂಟು ಬಿಡುತ್ತದೆ. ಅದಕ್ಕಾಗಿ ಇರುವೆ ಬರುತ್ತದೆ. ಬಂದ ಇರುವೆ ಸುಮ್ನೆ ಇರುವುದಿಲ್ಲ. ತಿಗಣೆಯನ್ನು ತಿನ್ನುವ ಹುಳುಗಳನ್ನು ಓಡಿಸುತ್ತದೆ, ತಿಗಣೆಯ ಮರಿಗಳನ್ನು ಪಕ್ಕದ ಗಿಡಕ್ಕೂ ಹೊತ್ತೊಯ್ಯುತ್ತದೆ. ಹೀಗಿರುವಾಗ ಬರೀ ಸಿಂಪಡಿಸಿದರೆ ಏನು ಪ್ರಯೋಜನ ಅಲ್ವಾ?

ನಾನು ಕುಂಡವನ್ನು ಗೋಡೆ, ಗ್ರಿಲ್ ಎರಡರಿಂದಲೂ ಸರಿಸಿದೆ. ಒಂದು ಎಲೆ ಗ್ರಿಲ್‌ಗೆ ತಾಗಿದರೂ ಇರುವೆಗೆ ಅದೇ ಸೇತುವೆ. ಕಾಂಡಕ್ಕೆ ಅಗಲದ ಟೇಪ್ ಸುತ್ತಿ, ಅದರ ಮೇಲೆ ವ್ಯಾಸಲೀನ್ ದಪ್ಪಗೆ ಸವರಿದೆ. ತೀರಾ ಕೆಟ್ಟ ಚಿಗುರನ್ನು ಕತ್ತರಿಸಿ, ಚೀಲದಲ್ಲಿ ಕಟ್ಟಿ ಎಸೆದೆ. ಉಳಿದದ್ದನ್ನು ಹಳೇ ಟೂತ್‌ಬ್ರಷ್ ಸೋಪು ನೀರಿಗೆ ಅದ್ದಿ ಉಜ್ಜಿ ತೆಗೆದೆ. ತಿಗಣೆಯ ಮೈಮೇಲಿನ ಮೇಣ ಹೋಗದಿದ್ದರೆ ಆಮೇಲೆ ಸಿಂಪಡಿಸುವ ಎಣ್ಣೆ ಒಳಗೆ ಇಳಿಯುವುದಿಲ್ಲ.

ಆಮೇಲೆ ಬೇವಿನ ಎಣ್ಣೆ. 1 ಲೀಟರ್ ನೀರಿಗೆ 5 ಮಿಲಿ, ಜೊತೆಗೆ ನಾಲ್ಕು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಸೋಪು ಇಲ್ಲದೆ ಎಣ್ಣೆ ನೀರಿಗೆ ಬೆರೆಯುವುದಿಲ್ಲ. ಕಲಸಿದ್ದನ್ನು ಅದೇ ದಿನ ಮುಗಿಸಿ. ಮಳೆ ಬಿಡುವು ಕೊಟ್ಟ ಸಂಜೆ ನೋಡಿ ಎಲೆಯ ಅಡಿಭಾಗಕ್ಕೆ ಸಿಂಪಡಿಸಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ, ಬೇವಿನ ಶಕ್ತಿಯೂ ಬೇಗ ಇಳಿಯುತ್ತದೆ. ವಾರಕ್ಕೊಮ್ಮೆಯಂತೆ ನಾಲ್ಕು ವಾರ ಬಿಡದೆ ಮಾಡಿ. ಬೇವು ಹುಳವನ್ನು ತಕ್ಷಣ ಕೊಲ್ಲುವುದಿಲ್ಲ. ಅದು ತಿನ್ನುವುದನ್ನು, ಬೆಳೆಯುವುದನ್ನು ತಡೆಯುತ್ತದೆ. ಮರುದಿನ ಹುಳ ಕಂಡರೆ ಕೈಬಿಡಬೇಡಿ.

ಒಂದು ಮಾತು ಮರೆಯಬೇಡಿ. ಬೇವಿನ ಎಣ್ಣೆ ಮಗುವಿನ ಹೊಟ್ಟೆಗೆ ಹೋದರೆ ತುಂಬಾ ಅಪಾಯ. ಗಿಡದ್ದು, ಮನೆಮದ್ದು ಅಂತ ಸದರ ಬೇಡ. ಬಾಟಲಿ ಮೇಲಿನ ಕಪಾಟಿನಲ್ಲೇ ಇರಲಿ. ಸಿಂಪಡಿಸಿದ ಎಲೆ ಒಣಗುವ ತನಕ ಮಗಳನ್ನು ಬಾಲ್ಕನಿಗೆ ಬಿಡಬೇಡಿ.

ಪುಣೆಯಿಂದ:
ಲಿಕ್ವಿಡ್ ಬದಲು ನಾನು ಅಂಟುವಾಳ ಕಾಯಿ ನೆನೆಸಿದ ನೀರು ಹಾಕುತ್ತೇನೆ. ಇಲ್ಲಿನ ಅಂಗಡಿಯಲ್ಲಿ ರಿಠಾ ಅಂತ ಕೇಳಿ. ನಮ್ಮಲ್ಲಿ ಡಿಸೆಂಬರ್ ಚಳಿಗೆ ಬೇವಿನ ಎಣ್ಣೆ ಗಟ್ಟಿಯಾಗುತ್ತದೆ, ಬಾಟಲಿಯನ್ನು ಬಿಸಿನೀರಿನಲ್ಲಿ ಇಟ್ಟರೆ ಕರಗುತ್ತದೆ. ಹೊಸ ಗಿಡಕ್ಕಾದರೆ ಮೊದಲು ಒಂದೇ ಎಲೆಗೆ ಹಾಕಿ ಎರಡು ದಿನ ನೋಡಿ.

ಗೋರೆಗಾಂವ್‌ನಿಂದ:
ಸೊಳ್ಳೆ ಓಡಲಿ ಅಂತ ನಾನು ಮಜ್ಜಿಗೆ ಹುಲ್ಲು ಬೆಳೆಸಿದ್ದೆ. ಚಹಾಕ್ಕೆ ಚೆನ್ನಾಗಿತ್ತು. ಸೊಳ್ಳೆ ಮಾತ್ರ ಕಡಿಮೆಯಾಗಲಿಲ್ಲ. ಗಿಡ ಇದ್ದ ಮಾತ್ರಕ್ಕೆ ವಾಸನೆ ಹರಡುವುದಿಲ್ಲ. ಕಡಿಮೆಯಾಗಿದ್ದು ಕುಂಡದ ಕೆಳಗಿನ ತಟ್ಟೆ ತೆಗೆದ ಮೇಲೆ. ಡೆಂಗಿ ತರುವ ಸೊಳ್ಳೆ ಹೆಚ್ಚಾಗಿ ಶುದ್ಧ ನೀರು ನಿಂತ ಪಾತ್ರೆಯ ಒಳಗೋಡೆಗೆ, ನೀರಿನ ಅಂಚಿನಲ್ಲಿ ಮೊಟ್ಟೆ ಇಡುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಿ ಹಾರಲು ಸುಮಾರು 7ರಿಂದ 10 ದಿನ ಸಾಕು. ಮನಿಪ್ಲಾಂಟ್ ಬಾಟಲಿ, ಕೂಲರ್, ಫ್ರಿಜ್ ಹಿಂದಿನ ಟ್ರೇ, ಎಲ್ಲವನ್ನೂ ವಾರಕ್ಕೊಮ್ಮೆ ಚೆಲ್ಲಿ, ಒಳಗೋಡೆ ಉಜ್ಜಿ ತೊಳೆಯಿರಿ. ಮೊಟ್ಟೆ ಅಲ್ಲೇ ಅಂಟಿಕೊಂಡಿರುತ್ತದೆ.

ಬೇಳೆಗೆ ನಮ್ಮಮ್ಮ ಹರಳೆಣ್ಣೆ ಸವರಿಡುತ್ತಿದ್ದರು. ನಾನೂ ಹಾಗೇ ಮಾಡುತ್ತೇನೆ. ಒಂದು ಕೆ.ಜಿ. ತೊಗರಿಬೇಳೆಗೆ ಒಂದು ಸಣ್ಣ ಚಮಚ. ಬೇಯಿಸುವ ಮೊದಲು ಬಿಸಿನೀರಿನಲ್ಲಿ ತೊಳೆದರೆ ಆಯಿತು. ರವೆಗೆ ಎಣ್ಣೆ ಹಾಕಲಾಗದು, ಇಲ್ಲಿ ಜುಲೈನಲ್ಲಿ ಒಣಗಿಸಲು ಬಿಸಿಲೂ ಇಲ್ಲ. ಅದಕ್ಕೆ ತಂದ ಕೂಡಲೇ ಪ್ಯಾಕೆಟ್ ಸಮೇತ ನಾಲ್ಕು ದಿನ ಫ್ರೀಜರ್‌ನಲ್ಲಿಡುತ್ತೇನೆ. ಮೊಟ್ಟೆಯೂ ಸಾಯುತ್ತದೆ. ಹೊರಗೆ ತೆಗೆದು, ತಣ್ಣಗಿರುವುದು ಪೂರ್ತಿ ಹೋದ ಮೇಲೆಯೇ ಬಿಚ್ಚಿ. ಇಲ್ಲದಿದ್ದರೆ ಒಳಗೆ ನೀರಾಡಿ ರವೆ ಗಂಟುಕಟ್ಟುತ್ತದೆ.