14 ವರ್ಷಗಳ ನಂತರ ಮತ್ತೆ ಬೇಸ್ ಗಿಟಾರ್: ತಪ್ಪಿಹೋದ ಕೈಯನ್ನು ಎಲ್ಲಿಂದ ಪಳಗಿಸಬೇಕು?

ಮಂದ್ರವಾದಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಇಪ್ಪತ್ತರ ಹರೆಯದಲ್ಲಿ ಸುಮಾರು 8 ವರ್ಷ ನಾನು ಬೇಸ್ ಗಿಟಾರ್ (ಮಂದ್ರಸ್ವರಗಳ ಗಿಟಾರ್) ನುಡಿಸಿದ್ದೇನೆ. ಕ್ರಮವಾಗಿ ಕಲಿತದ್ದು ಮೊದಲ ಒಂದು ವರ್ಷ ಮಾತ್ರ. ಉಳಿದದ್ದೆಲ್ಲ ಹಾಡುಗಳನ್ನು ಕೇಳಿ ಕೇಳಿ ಕೈಗೆ ಹತ್ತಿಸಿಕೊಂಡದ್ದು. ಕೊನೆಯ 3 ವರ್ಷ ಒಂದು ತಂಡದಲ್ಲಿದ್ದೆ. ತಂಡ ಚದುರಿದ ಮೇಲೆ ವಾದ್ಯ ಪೆಟ್ಟಿಗೆ ಸೇರಿತು, ಇವತ್ತು ನಾಳೆ ಎನ್ನುತ್ತಲೇ 14 ವರ್ಷಗಳು ಕಳೆದವು. ಈಗ ನನಗೆ 43.

ಕಳೆದ ತಿಂಗಳು ಅದನ್ನು ಹೊರತೆಗೆದು, ಶ್ರುತಿ ಮಾಡಿ ಕೈಗೆತ್ತಿಕೊಂಡೆ. ಹಳೆಯ ಹಾಡುಗಳಲ್ಲಿ ಯಾವ ಸ್ವರದ ನಂತರ ಯಾವ ಸ್ವರ ಎಂದು ಬಾಯಲ್ಲಿ ಹೇಳಲಾರದ ನಾನು ನೆಕ್ (ವಾದ್ಯದ ಉದ್ದನೆಯ ಕತ್ತು) ಮೇಲೆ ಕೈ ಇಟ್ಟೊಡನೆ ಬೆರಳುಗಳು ತಾವಾಗಿಯೇ ಆ ಜಾಗಗಳಿಗೆ ಹೋದದ್ದನ್ನು ಕಂಡು ಬೆರಗಾದೆ. ಆ ಬೆರಗು ಹತ್ತು ನಿಮಿಷವೂ ಉಳಿಯಲಿಲ್ಲ. ಮುಂದೋಳು ಉರಿಯತೊಡಗಿತು, ಕಿರುಬೆರಳು ತಂತಿಯನ್ನು ಒತ್ತಿ ಹಿಡಿಯಲಾರದೆ ಸ್ವರ ಗರಗರ ಎಂದಿತು, ಬಲಗೈಯ ಎರಡು ಬೆರಳುಗಳು ಸರದಿ ತಪ್ಪಿದವು. ಛಲಕ್ಕೆ ಬಿದ್ದು ಅದೇ ಭಾನುವಾರ ಎರಡು ಗಂಟೆ ನುಡಿಸಿದೆ. ತೋರುಬೆರಳ ತುದಿಯಲ್ಲಿ ನೀರುಗುಳ್ಳೆ ಎದ್ದಿತು, ಎಡ ಮಣಿಕಟ್ಟು ನಾಲ್ಕು ದಿನ ನೋಯಿತು. ಇವೆಲ್ಲಕ್ಕಿಂತ ಹೆಚ್ಚು ನಾಚಿಕೆಯಾದದ್ದು ನುಡಿಸಿದ್ದನ್ನು ಮೊಬೈಲ್‌ನಲ್ಲಿ ಮುದ್ರಿಸಿಕೊಂಡು ಕೇಳಿದಾಗ. ಸ್ವರಗಳ ನಡುವೆ ಏನೋ ಒಂದು ಗುಂಯ್‌ಗುಡುವಿಕೆ, ಲಯವಂತೂ ಒಮ್ಮೆ ಓಡುತ್ತದೆ, ಒಮ್ಮೆ ಎಳೆಯುತ್ತದೆ.

ಮೊದಲ ಪಾಠದಿಂದ ಮತ್ತೆ ಆರಂಭಿಸಬೇಕೇ, ಅಥವಾ ನೆನಪಿರುವ ಹಾಡುಗಳನ್ನೇ ನುಡಿಸುತ್ತ ಹೋದರೆ ಕೈ ತಾನಾಗಿ ಕೂಡಿಬರುತ್ತದೆಯೇ? ದಿನಕ್ಕೆ ಎಷ್ಟು ಹೊತ್ತು ನುಡಿಸುವುದು ಸರಿ? ನನ್ನದು ತಂತಿಯ ಕಂಪಿಸುವ ಉದ್ದ 34 ಇಂಚಿರುವ ಸಾಮಾನ್ಯ ಅಳತೆಯ ನಾಲ್ಕು ತಂತಿಯ ವಾದ್ಯ; ಈ ವಯಸ್ಸಿಗೆ 30 ಇಂಚಿನ ಚಿಕ್ಕದಕ್ಕೆ ಬದಲಾಯಿಸಿಕೊಳ್ಳುವುದು ಒಳ್ಳೆಯದೇ? ನನ್ನಂತೆ ದೀರ್ಘಕಾಲ ಬಿಟ್ಟು ಮರಳಿ ಬಂದವರು ದಯವಿಟ್ಟು ತಿಳಿಸಬೇಕು.

ನಿಧಾನಲಯ:

ನಾನು 9 ವರ್ಷ ಬಿಟ್ಟು ಮರಳಿದವನು. ಕೈಯನ್ನು ದೂರುವ ಮೊದಲು ವಾದ್ಯವನ್ನು ಪರೀಕ್ಷಿಸಿ ಎಂಬುದು ನನ್ನ ಮೊದಲ ಮಾತು. ಅಷ್ಟು ಕಾಲ ಪೆಟ್ಟಿಗೆಯಲ್ಲಿದ್ದ ವಾದ್ಯದ ನೆಕ್ ತಂತಿಗಳ ಸೆಳೆತಕ್ಕೆ ಬಾಗಿರುವುದು ತೀರ ಸಾಮಾನ್ಯ. ನೆಕ್ ಮುಂದಕ್ಕೆ ಬಾಗಿದರೆ ತಂತಿಗಳು ಫ್ರೆಟ್‌ಗಳಿಂದ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿಗಳಿಂದ) ದೂರ ನಿಲ್ಲುತ್ತವೆ, ಆಗ ಎಳೆಯ ಕೈಗೂ ಒತ್ತುವುದು ಕಷ್ಟವಾಗುತ್ತದೆ. ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲಿಯೂ ನೆಕ್ ಒಡಲಿಗೆ ಸೇರುವ ಕಡೆಯ ಫ್ರೆಟ್‌ನಲ್ಲಿಯೂ ಏಕಕಾಲಕ್ಕೆ ಒತ್ತಿ ಹಿಡಿದು, 7ನೇ ಅಥವಾ 8ನೇ ಫ್ರೆಟ್‌ನ ಮೇಲೆ ತಂತಿಯ ಕೆಳಗೆ ಎಷ್ಟು ಸಂದಿದೆ ನೋಡಿ. ಸುಮಾರು 0.3 ಮಿ.ಮೀ., ಅಂದರೆ ಒಂದು ವಿಸಿಟಿಂಗ್ ಕಾರ್ಡ್ ನುಸುಳುವಷ್ಟು ಇದ್ದರೆ ಸರಿ. ಅದಕ್ಕಿಂತ ಬಹಳ ಹೆಚ್ಚಿದ್ದರೆ ಟ್ರಸ್ ರಾಡ್ (ನೆಕ್ ಒಳಗಿನ ಲೋಹದ ಸರಳು) ಬಿಗಿ ಮಾಡಬೇಕಾಗುತ್ತದೆ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ರೂಢಿಯಿಲ್ಲದಿದ್ದರೆ ಬಲ್ಲವರ ಕೈಗೇ ಕೊಡಿ. ನೆಕ್ ಸರಿಯಾದ ಮೇಲೆ 12ನೇ ಫ್ರೆಟ್‌ನ ಬಳಿ ತಂತಿಯ ಎತ್ತರ 2ರಿಂದ 2.5 ಮಿ.ಮೀ. ಆಸುಪಾಸಿನಲ್ಲಿದ್ದರೆ ಕೈಗೆ ಹಗುರವಾಗುತ್ತದೆ.

ತಂತಿಗಳನ್ನಂತೂ ಬದಲಾಯಿಸಲೇಬೇಕು. 45–105ರ (ತೆಳು ಮತ್ತು ದಪ್ಪ ತಂತಿಗಳ ವ್ಯಾಸ, ಇಂಚಿನ ಸಾವಿರದ ಭಾಗಗಳಲ್ಲಿ) ಸೆಟ್ ಹಾಕಿದ್ದರೆ ಈ ಸಲ 40–95 ಅಥವಾ 40–100 ಹಾಕಿ ನೋಡಿ, ಬೆರಳಿಗೆ ಬೀಳುವ ಭಾರ ಕಡಿಮೆಯಾಗುತ್ತದೆ. ವಾದ್ಯ ಆಕ್ಟಿವ್ (ಒಳಗೆ ಬ್ಯಾಟರಿಯಿಂದ ನಡೆಯುವ ಸರ್ಕ್ಯೂಟ್ ಇರುವಂಥದ್ದು) ಆಗಿದ್ದರೆ ಹಿಂಬದಿಯ ಮುಚ್ಚಳ ತೆಗೆದು 9 ವೋಲ್ಟ್ ಬ್ಯಾಟರಿಯನ್ನು ಇಂದೇ ಹೊರತೆಗೆಯಿರಿ. ನನ್ನ ವಾದ್ಯದಲ್ಲಿ ಅದು ಸೋರಿ, ಒಳಗಿನ ವಿದ್ಯುತ್ ಸಂಪರ್ಕವೆಲ್ಲ ಹಸಿರುಗಟ್ಟಿ ಹೋಗಿತ್ತು.

ಇನ್ನು ಕೈಯ ವಿಷಯ. ತಾವು ಬೆರಗಾದ ಆ ಹತ್ತು ನಿಮಿಷಗಳಲ್ಲಿಯೇ ಅಪಾಯವೂ ಅಡಗಿದೆ. ಬೆರಳುಗಳ ದಾರಿ ಮಿದುಳಿನಲ್ಲಿ ಅಳಿಸಿಲ್ಲ. ಆದರೆ ಆ ದಾರಿಯಲ್ಲಿ ಓಡಬೇಕಾದ ಸ್ನಾಯುಗಳ ತ್ರಾಣ, ಬೆರಳ ತುದಿಯ ಜಡ್ಡು, ಎಷ್ಟು ಒತ್ತಿದರೆ ಸಾಕೆಂಬ ಅಂದಾಜು, ಈ ಮೂರೂ ಹೋಗಿವೆ. ಹೀಗಾಗಿ ನೆನಪು ಹಳೆಯ ವೇಗದಲ್ಲಿ ಓಡಲು ಹೊರಡುತ್ತದೆ, ಕೈ ಅದನ್ನು ಹಿಡಿಯಲು ಬಿಗಿದುಕೊಳ್ಳುತ್ತದೆ, ಆ ಬಿಗಿತವೇ ಉರಿಯೂ ನೋವೂ ಆಗುತ್ತದೆ. ಹೊಸಬನಿಗೆ ಈ ತೊಂದರೆಯಿಲ್ಲ, ಏಕೆಂದರೆ ಅವನಿಗೆ ಓಡಲು ತಿಳಿಯದು. ಒಮ್ಮೆ ಕಲಿತು ಮರೆತದ್ದನ್ನು ಮತ್ತೆ ಕಲಿಯಲು ಮೊದಲಿಗಿಂತ ಕಡಿಮೆ ಸಮಯ ಸಾಕೆಂದು ಜರ್ಮನ್ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ 1885ರಷ್ಟು ಹಿಂದೆಯೇ ತೋರಿಸಿದ್ದ. ಅವನು ಪರೀಕ್ಷಿಸಿದ್ದು ಅರ್ಥವಿಲ್ಲದ ಅಕ್ಷರಗುಂಪುಗಳನ್ನೇ ಹೊರತು ಬೆರಳುಗಳನ್ನಲ್ಲ. ಆದರೂ ನನ್ನ ಅನುಭವದಲ್ಲಿ ಬೆರಳುಗಳ ವಿಷಯದಲ್ಲಿಯೂ ಆ ಮಾತು ನಿಜವಾಯಿತು. ಆದ್ದರಿಂದ ಮೊದಲ ಪಾಠಕ್ಕೆ ಮರಳುವ ಅಗತ್ಯವಿಲ್ಲ, ಮೊದಲ ಪಾಠದ ನಿಧಾನಕ್ಕೆ ಮರಳಬೇಕು. ದಿನಕ್ಕೆ 15 ನಿಮಿಷದಂತೆ ಎರಡು ಸಲ, ಮೊದಲ ಮೂರು ವಾರ. ವಾರಕ್ಕೊಮ್ಮೆ ಎರಡು ಗಂಟೆ ಕೂರುವುದರಿಂದ ಗುಳ್ಳೆ ಬರುತ್ತದೆಯೇ ಹೊರತು ಜಡ್ಡುಗಟ್ಟುವುದಿಲ್ಲ.

ಒಂದು ಪ್ರಶ್ನೆ: ತಾವು ಆಂಪ್ (ಧ್ವನಿವರ್ಧಕ) ಇಲ್ಲದೆ ನುಡಿಸುತ್ತಿದ್ದೀರಾ?

ಮಂದ್ರವಾದಿ:

ಹೌದು, ರಾತ್ರಿ ಹೊತ್ತು ಮನೆಯವರಿಗೆ ತೊಂದರೆಯಾಗಬಾರದೆಂದು ಆಂಪ್ ಇಲ್ಲದೆಯೇ ನುಡಿಸುತ್ತೇನೆ. ಅದರಿಂದ ವ್ಯತ್ಯಾಸವಾಗುತ್ತದೆಯೇ?

ನಿಧಾನಲಯ:

ಬಹಳ. ಆಂಪ್ ಇಲ್ಲದ ಎಲೆಕ್ಟ್ರಿಕ್ ಬೇಸ್ ಕಿವಿಗೆ ಸರಿಯಾಗಿ ಕೇಳಿಸದ ಕಾರಣ ಬಲಗೈ ತನಗರಿವಿಲ್ಲದೆ ತಂತಿಯನ್ನು ಕಿತ್ತೆಳೆಯುತ್ತದೆ, ಎಡಗೈಯೂ ಅಷ್ಟೇ ಬಲವಾಗಿ ಒತ್ತುತ್ತದೆ. ತಮ್ಮ ನೀರುಗುಳ್ಳೆಗೂ ಮುಂದೋಳ ಉರಿಗೂ ಅರ್ಧ ಕಾರಣ ಇದೇ ಇರಬೇಕು. ಹೆಡ್‌ಫೋನ್ ಹಾಕಬಹುದಾದ ಚಿಕ್ಕ ಆಂಪ್ ಸಾಕು. ಧ್ವನಿಯನ್ನು ಏರಿಸಿ, ಬೆರಳನ್ನು ಇಳಿಸಿ. ಎಡಗೈಗೂ ಒಂದು ಪರೀಕ್ಷೆ ಮಾಡಬಹುದು: ತಂತಿಯ ಮೇಲೆ ಬೆರಳನ್ನು ಸುಮ್ಮನೆ ಇಟ್ಟು, ಮೀಟುತ್ತ ಮೀಟುತ್ತ ಒತ್ತಡವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ಹೋಗಿ, ಸ್ವರ ಸ್ಪಷ್ಟವಾದ ಕ್ಷಣದಲ್ಲಿ ನಿಲ್ಲಿಸಿ. ಬೆರಳು ಫ್ರೆಟ್‌ನ ಬೆನ್ನಿಗೇ ಇದ್ದರೆ ಎಷ್ಟು ಕಡಿಮೆ ಒತ್ತಿದರೂ ಸಾಕಾಗುತ್ತದೆ ಎಂಬುದು ಆಶ್ಚರ್ಯ ಹುಟ್ಟಿಸುತ್ತದೆ.

ಐದನೇ ಫ್ರೆಟ್:

ಮಣಿಕಟ್ಟಿನ ನೋವಿನ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ಅದನ್ನು ಅಲಕ್ಷಿಸಿ ನಾನು ಆರು ತಿಂಗಳು ವಾದ್ಯ ಮುಟ್ಟದಂತಾಗಿತ್ತು. 34 ಇಂಚಿನ ವಾದ್ಯದಲ್ಲಿ ಮೊದಲ ಫ್ರೆಟ್‌ನಿಂದ ನಾಲ್ಕನೆಯದಕ್ಕೆ ಸುಮಾರು 13 ಸೆಂ.ಮೀ. ಅಂತರವಿದೆ, 9ರಿಂದ 12ನೆಯದಕ್ಕೆ ಅದು 8 ಸೆಂ.ಮೀ.ಯಷ್ಟೇ. ಫ್ರೆಟ್‌ಗೊಂದು ಬೆರಳೆಂಬ ಕ್ರಮವನ್ನು ನೆಕ್‌ನ ತುದಿಯಲ್ಲಿ ಹಠದಿಂದ ಪಾಲಿಸಲು ಹೋದರೆ ಮಣಿಕಟ್ಟು ಮಡಚಿಕೊಳ್ಳುತ್ತದೆ, ಆ ಮಡಚಿದ ಸ್ಥಿತಿಯಲ್ಲಿ ಬೆರಳುಗಳು ಎಳೆದುಕೊಂಡೇ ಒತ್ತಬೇಕಾಗುತ್ತದೆ. ಆದುದರಿಂದ ಆರಂಭದ ವಾರಗಳಲ್ಲಿ ಅಭ್ಯಾಸವನ್ನೆಲ್ಲ 5ನೇ ಫ್ರೆಟ್‌ನಿಂದ ಮೇಲಕ್ಕೆ, ಅಂದರೆ ಒಡಲಿನ ಕಡೆಗೆ, ಮಾಡಿ. ಕೆಳಗೆ ಬರಬೇಕಾದಾಗ ಡಬಲ್ ಬೇಸ್ (ನಿಲ್ಲಿಸಿ ನುಡಿಸುವ, ದೊಡ್ಡ ಪಿಟೀಲಿನಂಥ ವಾದ್ಯ) ನುಡಿಸುವವರ ಕ್ರಮ ಅನುಸರಿಸಿ: ತೋರುಬೆರಳು, ನಡುಬೆರಳು, ಕಿರುಬೆರಳು, ಈ ಮೂರರಿಂದ ಮೂರು ಫ್ರೆಟ್‌ಗಳನ್ನು ಮಾತ್ರ ಹಿಡಿಯುವುದು, ಉಂಗುರಬೆರಳು ಕಿರುಬೆರಳಿಗೆ ಆಸರೆಯಾಗಿ ಜೊತೆಗೆ ಒತ್ತುವುದು, ನಾಲ್ಕನೇ ಫ್ರೆಟ್ ಬೇಕಾದರೆ ಬೆರಳನ್ನು ಚಾಚದೆ ಇಡೀ ಕೈಯನ್ನೇ ಸರಿಸುವುದು. ತಮ್ಮ ಕಿರುಬೆರಳಿನ ಗರಗರಕ್ಕೂ ಇದೇ ಮದ್ದು. ವಾದ್ಯವನ್ನು ಸೊಂಟದ ಕೆಳಗೆ ಜೋತಾಡುವಂತೆ ತೊಡುವ ಅಭ್ಯಾಸವಿದ್ದರೆ (ತಂಡದಲ್ಲಿದ್ದವರಿಗೆಲ್ಲ ಇರುತ್ತದೆ, ಚೆನ್ನಾಗಿಯೂ ಕಾಣುತ್ತದೆ) ಪಟ್ಟಿಯನ್ನು ಎರಡು ರಂಧ್ರ ಮೇಲಕ್ಕೆ ಏರಿಸಿ.

ಸ್ನಾಯು ದಣಿದ ಉರಿ ಕೈ ನಿಲ್ಲಿಸಿದ ಕೆಲವು ನಿಮಿಷಗಳಲ್ಲಿ ಇಳಿಯುತ್ತದೆ. ಮರುದಿನವೂ ಉಳಿಯುವ ನೋವು, ಜೋಮು, ಚುಚ್ಚುವಿಕೆ ಬೇರೆಯ ಮಾತು. ಹಾಗಾದರೆ ನುಡಿಸುವುದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಸ್ನಾಯು ವಾರಗಳಲ್ಲಿ ಚೇತರಿಸಿದರೂ ಸ್ನಾಯುರಜ್ಜುಗಳು ಹೊಂದಿಕೊಳ್ಳಲು ಅದಕ್ಕಿಂತ ಹೆಚ್ಚು ಕಾಲ ಬೇಕು, ಕೈ ಹಗುರವಾಯಿತು ಎನ್ನಿಸಿದ ಕೂಡಲೇ ಅವಧಿಯನ್ನು ದ್ವಿಗುಣಗೊಳಿಸುವವರು ಎಡವುವುದು ಇಲ್ಲಿಯೇ.

30 ಇಂಚಿನ ವಾದ್ಯದ ಬಗ್ಗೆ ಸಂಕೋಚ ಬೇಡ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿಯ ಹೆಸರಾಂತ ಹೋಫ್ನರ್ ಬೇಸ್ ಆ ಅಳತೆಯದೇ. ಆದರೆ ಈಗಲೇ ಕೊಳ್ಳಬೇಡಿ. ಮೂರು ತಿಂಗಳ ನಂತರವೂ ಕೈ ನೋಯುತ್ತಿದ್ದರೆ ಆಗ ಯೋಚಿಸಬಹುದು.

ಹಾಡೇ ಮೊದಲು:

ಮೇಲಿನ ಇಬ್ಬರ ಮಾತಿಗೂ ನನ್ನ ಅರ್ಧ ಒಪ್ಪಿಗೆಯಷ್ಟೇ ಇದೆ. ಅಭ್ಯಾಸಪಾಠಗಳಿಂದಲೇ ಆರಂಭಿಸಿದ ನನ್ನ ಇಬ್ಬರು ಗೆಳೆಯರು ಎರಡನೇ ತಿಂಗಳಿಗೆ ವಾದ್ಯವನ್ನು ಮತ್ತೆ ಪೆಟ್ಟಿಗೆಗೆ ಹಾಕಿದರು. ಮರಳಿ ಬಂದವನನ್ನು ಹಿಡಿದಿಡುವುದು ಹಾಡು. ತಮಗೆ ಪ್ರಿಯವಾದ, ಸ್ವರಗಳು ತೀರ ಕಡಿಮೆಯಿರುವ, ನಿಧಾನಗತಿಯ ಒಂದೇ ಒಂದು ಹಾಡನ್ನು ಆರಿಸಿಕೊಂಡು ಅದನ್ನು ಮೊದಲಿನಿಂದ ಕೊನೆಯವರೆಗೆ ಲೋಪವಿಲ್ಲದೆ ನುಡಿಸುವುದನ್ನು ಗುರಿಯಾಗಿಟ್ಟುಕೊಳ್ಳಿ. ಹಿಂದೆ ತಾವು ಮೆರೆದ ವೇಗದ ಹಾಡುಗಳನ್ನು ಮಾತ್ರ ಆರು ತಿಂಗಳು ಮುಟ್ಟಬೇಡಿ, ಅವು ಹೋಲಿಕೆಗೆ ಎಳೆಯುತ್ತವೆ.

ಬಲಗೈಯ ಎರಡು ಬೆರಳುಗಳು ಸರದಿ ತಪ್ಪುವುದನ್ನು ಅಷ್ಟು ಚಿಂತೆಗೆ ಹಚ್ಚಿಕೊಳ್ಳಬೇಕಾಗಿಲ್ಲ. ಅಮೆರಿಕದ ಧ್ವನಿಮುದ್ರಣ ಸಂಸ್ಥೆ ಮೋಟೌನ್‌ನ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ತೋರುಬೆರಳೊಂದರಿಂದಲೇ ಮೀಟುತ್ತಿದ್ದರು. ಬೇಸ್ ವಾದಕಿ ಕ್ಯಾರಲ್ ಕೇ ಪಿಕ್ (ಮೀಟುವ ಚಿಕ್ಕ ಬಿಲ್ಲೆ) ಹಿಡಿದು ನುಡಿಸಿಯೇ ಹೆಸರಾದರು. ಒಂದು ಬೆರಳಿನಿಂದ ಸಮನಾಗಿ ಬರುವ ಸ್ವರ ಎರಡು ಬೆರಳಿನ ಏರುಪೇರಿಗಿಂತ ಮೇಲು, ಎರಡನೆಯದು ಹಿಂದಿನಿಂದ ಬಂದು ಸೇರಿಕೊಳ್ಳಲಿ.

ಮಂದ್ರವಾದಿ:

ಏಳು ವಾರಗಳ ನಂತರ ಬರೆಯುತ್ತಿದ್ದೇನೆ. ವಾದ್ಯ ನಿಜವಾಗಿಯೂ ಬಾಗಿತ್ತು. 12ನೇ ಫ್ರೆಟ್‌ನಲ್ಲಿ ದಪ್ಪ ತಂತಿ 4 ಮಿ.ಮೀ. ಎತ್ತರದಲ್ಲಿತ್ತು. ಅದನ್ನು ಸರಿಪಡಿಸಿ, ತಂತಿ ಬದಲಾಯಿಸಿ, ಹೆಡ್‌ಫೋನ್‌ನೊಂದಿಗೆ ನುಡಿಸತೊಡಗಿದ ಮೇಲೆ ಮುಂದೋಳ ಉರಿ ಬಹುಪಾಲು ನಿಂತಿದೆ, ಮಣಿಕಟ್ಟು ಮತ್ತೆ ನೋಯಲಿಲ್ಲ. ದಿನಕ್ಕೆ ಅರ್ಧ ಗಂಟೆ ನುಡಿಸುತ್ತೇನೆ, ಹಾಡೊಂದನ್ನೂ ಹಿಡಿದಿದ್ದೇನೆ. ಈಗ ಉಳಿದಿರುವುದು ಆ ಗುಂಯ್‌ಗುಡುವಿಕೆ ಮತ್ತು ಲಯ. ಮೆಟ್ರೋನೋಮ್ (ಲಯಕ್ಕೆ ಟಕ್ ಟಕ್ ಎನ್ನುವ ಸಾಧನ) ಜೊತೆಗೆ ನುಡಿಸುವಾಗ ಎಲ್ಲವೂ ಸರಿ ಎನ್ನಿಸುತ್ತದೆ, ಅದನ್ನು ನಿಲ್ಲಿಸಿದೊಡನೆ ಓಡುತ್ತೇನೆ.

ನಿಧಾನಲಯ:

ಗುಂಯ್‌ಗುಡುವಿಕೆಗೆ ಒಂದು ಪರೀಕ್ಷೆ: ದಪ್ಪ ತಂತಿಯಾದ ಇ ತಂತಿಯನ್ನು 5ನೇ ಫ್ರೆಟ್‌ನಲ್ಲಿ ಹಿಡಿದು ಮೀಟಿ, ಕೂಡಲೇ ಅದನ್ನು ಮಾತ್ರ ತಡೆಯಿರಿ. ಧ್ವನಿ ಮುಂದುವರಿದರೆ ಅದು ಪಕ್ಕದ ಎ ತಂತಿಯದು. ಎರಡೂ 55 ಹರ್ಟ್ಸ್‌ನ ಒಂದೇ ಸ್ವರವಾದ್ದರಿಂದ ತಾವು ಮುಟ್ಟದಿದ್ದರೂ ಅದು ಕಂಪಿಸುತ್ತದೆ. ಹಿಂದೆ ಇದನ್ನೆಲ್ಲ ತಮ್ಮ ಕೈ ತಾನಾಗಿಯೇ ಅಡಗಿಸುತ್ತಿತ್ತು, ಆ ಸೂಕ್ಷ್ಮವೇ ಮೊದಲು ಹೋಗುವುದು, ಕೊನೆಗೆ ಬರುವುದು. ಬಲ ಹೆಬ್ಬೆರಳನ್ನು ಪಿಕಪ್ (ತಂತಿಗಳ ಕೆಳಗಿದ್ದು ಅವುಗಳ ಕಂಪನವನ್ನು ಹಿಡಿಯುವ ಭಾಗ) ಮೇಲೆ ಊರಿ ನಿಲ್ಲಿಸದೆ, ನುಡಿಸುವ ತಂತಿ ಬದಲಾದಂತೆ ಅದೂ ಸರಿಯುತ್ತ ಮೇಲಿನ ದಪ್ಪ ತಂತಿಗಳ ಮೇಲೆ ಒರಗಿರಲಿ. ಕೆಳಗಿನ ತೆಳು ತಂತಿಗಳನ್ನು ಎಡ ತೋರುಬೆರಳಿನ ಒಳಬದಿ ಮೆಲ್ಲಗೆ ಮುಟ್ಟಿಕೊಂಡಿರಲಿ. ಎರಡು ವಾರ ಕೇವಲ ಇದನ್ನೇ ಗಮನಿಸಿದರೂ ನಷ್ಟವಿಲ್ಲ.

ಲಯದ ವಿಷಯದಲ್ಲಿ, ಮೆಟ್ರೋನೋಮ್ ಪ್ರತಿ ಪೆಟ್ಟನ್ನೂ ಹೇಳುತ್ತಿದ್ದರೆ ಕೈ ಅದನ್ನು ಹಿಂಬಾಲಿಸುತ್ತದೆಯೇ ಹೊರತು ಕಾಲವನ್ನು ತಾನೇ ಹಿಡಿಯುವುದಿಲ್ಲ. ಹಾಡಿನ ಗತಿ ನಿಮಿಷಕ್ಕೆ 120 ಇದ್ದರೆ ಮೆಟ್ರೋನೋಮನ್ನು 60ಕ್ಕೆ ಇಟ್ಟು, ಅದರ ಟಕ್ಕನ್ನು ನಾಲ್ಕು ಪೆಟ್ಟುಗಳಲ್ಲಿ 2 ಮತ್ತು 4ನೆಯದೆಂದು ಎಣಿಸಿ. ಅದು ಕೂತ ಮೇಲೆ 30ಕ್ಕೆ ಇಳಿಸಿ, ಟಕ್ 4ನೇ ಪೆಟ್ಟಿಗೆ ಮಾತ್ರ ಬೀಳಲಿ. ನಡುವಿನ ಮೌನವನ್ನು ತುಂಬುವ ಹೊಣೆ ತಮ್ಮದಾದಾಗ ಓಡುವ ಚಾಳಿ ತಕ್ಷಣ ಬಯಲಾಗುತ್ತದೆ. ನನಗಂತೂ ಮೊದಲ ದಿನ ಎಂಟು ಆವರ್ತನ (ನಾಲ್ಕು ಪೆಟ್ಟುಗಳ ಸುತ್ತು) ದಾಟಲಾಗಲಿಲ್ಲ.

ಮುದ್ರಿಸಿದ್ದನ್ನು ಮೊಬೈಲ್‌ನ ಸ್ಪೀಕರ್‌ನಲ್ಲಿ ಕೇಳಿ ತೀರ್ಮಾನಿಸಬೇಡಿ. ಬಿಟ್ಟ ಇ ತಂತಿಯ ಮೂಲಸ್ವರ ಸುಮಾರು 41 ಹರ್ಟ್ಸ್. ಅಷ್ಟು ಚಿಕ್ಕ ಸ್ಪೀಕರ್ ಅದನ್ನು ಹೊರಡಿಸಲಾರದು, ತಂತಿಯ ಕಿರಿಕಿರಿಯನ್ನು ಮಾತ್ರ ಎತ್ತಿ ತೋರಿಸುತ್ತದೆ. ಹೆಡ್‌ಫೋನ್‌ನಲ್ಲಿ ಕೇಳಿ, ಸ್ವರ ಎಲ್ಲಿ ಆರಂಭವಾಯಿತು ಎಂಬುದರ ಜೊತೆಗೆ ಎಲ್ಲಿ ನಿಂತಿತು ಎಂಬುದನ್ನೂ ಗುರುತಿಸಿ. ಬೇಸ್ ಎಳೆಯುತ್ತಿದೆ ಎನ್ನಿಸುವುದಕ್ಕೆ ಎಷ್ಟೋ ಸಲ ಸ್ವರ ತಡವಾಗಿ ಹುಟ್ಟಿದ್ದು ಕಾರಣವಲ್ಲ, ಹಿಂದಿನದು ತಡವಾಗಿ ಸತ್ತದ್ದು ಕಾರಣ.

ಮಂದ್ರವಾದಿ:

ನಿನ್ನೆ ರಾತ್ರಿ 60ರಲ್ಲಿ 2 ಮತ್ತು 4ನ್ನು ಹಿಡಿದು ಪ್ರಯತ್ನಿಸಿದೆ. ಮೂರು ಆವರ್ತನಗಳಲ್ಲಿ ಟಕ್ ಬಂದು 1ರ ಮೇಲೆ ಕೂತಿತು. ಇಂದು ಆರರವರೆಗೆ ನಿಂತಿದ್ದೇನೆ.