ಅಪ್‌ಡೇಟ್: ಸಿಂಥ್ ರೆಕಾರ್ಡಿಂಗ್ ಲೆವೆಲ್ ಸರಿಹೋಯ್ತು

ಹೋದ ವಾರ ಶಿರಸಿಯಿಂದ ಕೇಳಿದ್ದೆ: ಸಿಂಥ್ (ಸಿಂಥಸೈಜರ್ ಕೀಬೋರ್ಡ್) ರೆಕಾರ್ಡ್ ಮಾಡಿದರೆ ಬೇಸ್ (ತಗ್ಗು ಸ್ವರ) ಒಡೆಯುತ್ತದೆ, ಸಿಂಥ್‌ನ ವಾಲ್ಯೂಮ್ ಇಳಿಸಿದರೆ ಹಿಂದೆ ‘ಸುಂಯ್’ ಸದ್ದು. ಈಗ ಎರಡೂ ಹೋಯ್ತು. ಉತ್ತರ ಕೊಟ್ಟ ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.

ತಪ್ಪು ಇದ್ದದ್ದು ಒಂದು ಬಟನ್‌ನಲ್ಲಿ. ಇಂಟರ್‌ಫೇಸ್‌ನಲ್ಲಿ (ಸಿಂಥ್‌ನ ಸದ್ದನ್ನು ಕಂಪ್ಯೂಟರ್‌ಗೆ ಕಳಿಸುವ ಪೆಟ್ಟಿಗೆ) ಗಿಟಾರ್‌ಗೆಂದು ಇರುವ ಇನ್‌ಸ್ಟ್ರುಮೆಂಟ್ ಮೋಡ್ ಆನ್ ಆಗಿತ್ತು. ಸಿಂಥ್ ಕೊಡುವುದು ಲೈನ್ ಲೆವೆಲ್, ಅಂದರೆ ಗಿಟಾರ್‌ಗಿಂತ ಜೋರಾದ ಸಿಗ್ನಲ್, ಅಲ್ವಾ? ಲೈನ್‌ಗೆ ಬದಲಿಸಿದೆ. ಸಿಂಥ್ ವಾಲ್ಯೂಮ್ ಮುಕ್ಕಾಲಿಗೆ ಏರಿಸಿದೆ. ಇಂಟರ್‌ಫೇಸ್ ಗೇನ್ (ಒಳಬರುವ ಸದ್ದನ್ನು ಏರಿಸುವ ಗುಂಡಿ) ಪೂರ್ತಿ ಇಳಿಸಿ, ಅಲ್ಲಿಂದ ನಿಧಾನಕ್ಕೆ ತಿರುಗಿಸುತ್ತಾ ಬಂದೆ. ಎಲ್ಲಕ್ಕಿಂತ ಜೋರಾದ ಪ್ಯಾಚ್ (ಸಿಂಥ್‌ನಲ್ಲಿ ಉಳಿಸಿಟ್ಟ ಸದ್ದಿನ ಸೆಟ್ಟಿಂಗ್) ಹಾಕಿ, ಎರಡೂ ಕೈಯಲ್ಲಿ ಕಾರ್ಡ್ (ಒಟ್ಟಿಗೆ ಹಲವು ಸ್ವರ) ಒತ್ತಿ ನೋಡಿದೆ. ಸಿಂಥ್‌ನ ಫಿಲ್ಟರ್ ಎಲ್ಲಿಂದ ಸದ್ದು ತಡೆಯಬೇಕು ಅನ್ನುವ ಗುಂಡಿ ಕಟಾಫ್, ಆ ಗಡಿಯ ಹತ್ತಿರದ ಸದ್ದು ಎತ್ತುವುದು ರೆಸೊನೆನ್ಸ್. ರೆಸೊನೆನ್ಸ್ ಜಾಸ್ತಿ ಇಟ್ಟು ಕಟಾಫ್ ತಿರುಗಿಸುವಾಗ ಒಂದು ಜಾಗದಲ್ಲಿ ಮೀಟರ್ ಥಟ್ಟನೆ ಮೇಲಕ್ಕೆ ಹಾರುತ್ತದೆ. ನನ್ನ ಬೇಸ್ ಒಡೆಯುತ್ತಿದ್ದದ್ದು ಅಲ್ಲೇ! ಮೀಟರ್‌ನ ತುದಿ 0 ಡಿಬಿ (ಡೆಸಿಬೆಲ್), ಅದನ್ನು ಮೀರಿದರೆ ಸದ್ದು ಒಡೆಯುತ್ತದೆ. ಆ ಹಾರಿಕೆಯೂ −12 ಡಿಬಿ ದಾಟದಂತೆ ಗೇನ್ ನಿಲ್ಲಿಸಿದೆ.

ಪರದೆಯಲ್ಲಿ ಅಲೆ ಸಣ್ಣದಾಗಿ ಕಂಡು ಮೊದಲು ಹೆದರಿಕೆಯಾಯ್ತು. ಆದರೆ 16 ಬಿಟ್ ರೆಕಾರ್ಡಿಂಗ್‌ನಲ್ಲಿ ಅತಿ ಮೆಲ್ಲನೆಯ ಸದ್ದಿಗೂ ಅತಿ ಜೋರಿನದಕ್ಕೂ ಸಿಗುವ ಅಂತರ ಸುಮಾರು 96 ಡಿಬಿ, 24 ಬಿಟ್‌ನಲ್ಲಿ ಲೆಕ್ಕಕ್ಕೆ 144. ಹಾಗಾಗಿ ಮೇಲೆ 12 ಡಿಬಿ ಖಾಲಿ ಬಿಟ್ಟರೆ ನಷ್ಟವಿಲ್ಲ. ಸದ್ದು ಆಮೇಲೆ ಏರಿಸಿಕೊಳ್ಳಬಹುದು, ಒಡೆದದ್ದನ್ನು ಕೂಡಿಸುವುದು ಕಷ್ಟ.

ನಿನ್ನೆ ರಾತ್ರಿ ಹಂಚಿನ ಮೇಲೆ ಮಳೆ ಧೋ ಅಂತ ಸುರಿಯುತ್ತಿತ್ತು. ಕೇಬಲ್‌ನಲ್ಲೇ ಹೋಗುವುದರಿಂದ ರೆಕಾರ್ಡಿಂಗ್‌ನಲ್ಲಿ ಒಂದು ಹನಿಯೂ ಕೇಳಲಿಲ್ಲ. ಬರೀ ಸಿಂಥ್.