17 ಪುಸ್ತಕ, ಒಂದು ಫಾರ್ವರ್ಡ್

ನಮ್ಮ ಮನೆ ಗುಂಪಿನಲ್ಲಿ ನಡೆದ ಜಗಳ ಇದು. ನಡುವೆ ಬಂದ ಶುಭೋದಯ, ಹುಟ್ಟುಹಬ್ಬದ ಕೇಕು ಎಲ್ಲ ತೆಗೆದುಹಾಕಿದ್ದೇನೆ. ನಾನು ಇರುವುದು ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್‌ನಲ್ಲಿ. ದೊಡ್ಡಪ್ಪ ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾದವರು.

ಗಿರೀಶ ಚಿಕ್ಕಪ್ಪ: (ಫಾರ್ವರ್ಡ್) ಅಮೆರಿಕ ಸುಪ್ರೀಂ ಕೋರ್ಟ್‌ನಿಂದ 17 ಪುಸ್ತಕ ಬ್ಯಾನ್!!! ಎಲ್ಲರಿಗೂ ಕಳುಹಿಸಿ 🙏

ಗಿರೀಶ ಚಿಕ್ಕಪ್ಪ: ನಮಗೆ ವಾಕ್ ಸ್ವಾತಂತ್ರ್ಯದ ಪಾಠ ಹೇಳುವವರ ಕಥೆ ನೋಡಿ.

ನಾನು: ಚಿಕ್ಕಪ್ಪ, ಸುಪ್ರೀಂ ಕೋರ್ಟ್ ಏನನ್ನೂ ಬ್ಯಾನ್ ಮಾಡಿಲ್ಲ. 2025ರ ಡಿಸೆಂಬರ್ 8ರಂದು ಒಂದು ಮೇಲ್ಮನವಿಯನ್ನು ಕೇಳುವುದಿಲ್ಲ ಎಂದಿತು, ಅಷ್ಟೇ. ಟೆಕ್ಸಾಸ್‌ನ ಲ್ಯಾನೋ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಕೇಸು ಅದು. 2021ರಲ್ಲಿ ಅಲ್ಲಿನ ಸಾರ್ವಜನಿಕ ಗ್ರಂಥಾಲಯಗಳಿಂದ 17 ಪುಸ್ತಕ ತೆಗೆದರು. ಮರುವರ್ಷ ಏಳು ಜನ ಓದುಗರು ಕೋರ್ಟಿಗೆ ಹೋದರು.

ವಾಣಿ ಅತ್ತೆ: ಎಂಥ ಪುಸ್ತಕಗಳಪ್ಪಾ? ಮಕ್ಕಳಿಗೆ ಆಗದ್ದು ಇದ್ದರೆ ತೆಗೆಯಲಿ ಬಿಡು.

ನಾನು: ಹೂಸಿನ ಬಗ್ಗೆ ಮಕ್ಕಳ ತಮಾಷೆ ಪುಸ್ತಕಗಳಿವೆ ಅತ್ತೆ. ಬೆಳೆಯುವ ಮಕ್ಕಳಿಗೆ ದೇಹದ ಬಗ್ಗೆ ತಿಳಿಸುವುದೊಂದು. ಕೂ ಕ್ಲಕ್ಸ್ ಕ್ಲಾನ್ ಎಂಬ ಬಿಳಿಯರ ಜನಾಂಗದ್ವೇಷಿ ಗುಂಪಿನ ಇತಿಹಾಸ ಒಂದು. ಇಸಬೆಲ್ ವಿಲ್ಕರ್ಸನ್ ಅವರ 'ಕಾಸ್ಟ್' ಕೂಡ ಇದೆ. ಅಮೆರಿಕದ ವರ್ಣಭೇದವನ್ನು ನಮ್ಮ ಜಾತಿ ಪದ್ಧತಿಯ ಪಕ್ಕ ಇಟ್ಟು ನೋಡುವ ಪುಸ್ತಕ. ಅದು ಮಕ್ಕಳದ್ದಲ್ಲ.

ವಾಣಿ ಅತ್ತೆ: ಹೂಸಿನದಾ 😂 ಇದಕ್ಕೆ ಕೋರ್ಟಾ?

ಗಿರೀಶ ಚಿಕ್ಕಪ್ಪ: ಸರಿ, ಬ್ಯಾನ್ ಅಲ್ಲ ಅಂದೆ. ಹಾಗಾದರೆ ತಕರಾರು ಏನು? ಅಮೆಜಾನ್‌ನಲ್ಲಿ ಸಿಗುತ್ತದೆ ಅಲ್ವಾ?

ನಾನು: ಮೇಲ್ಮನವಿ ಕೋರ್ಟಿನ ಬಹುಮತದ ತೀರ್ಪೂ ಹೆಚ್ಚುಕಡಿಮೆ ನಿಮ್ಮ ಮಾತನ್ನೇ ಹೇಳಿತು. 2023ರಲ್ಲಿ ಕೆಳ ಕೋರ್ಟಿನ ನ್ಯಾಯಾಧೀಶ ರಾಬರ್ಟ್ ಪಿಟ್ಮನ್ ಪುಸ್ತಕ ವಾಪಸ್ ಇಡಿ ಎಂದಿದ್ದರು. (ಆಗ ಕೌಂಟಿಯವರು ಗ್ರಂಥಾಲಯವನ್ನೇ ಮುಚ್ಚಿಬಿಡೋಣವೇ ಎಂದು ಸಭೆ ಸೇರಿದರು. ಕೊನೆಗೆ ಮುಚ್ಚಲಿಲ್ಲ.) 2025ರ ಮೇನಲ್ಲಿ ಐದನೇ ಸರ್ಕ್ಯೂಟ್ ಎಂಬ ಮೇಲ್ಮನವಿ ಕೋರ್ಟ್ 10-7 ಬಹುಮತದಲ್ಲಿ ಆ ಆದೇಶವನ್ನು ರದ್ದು ಮಾಡಿತು. ಕೊಂಡುಕೊಳ್ಳಿ, ಸ್ನೇಹಿತರ ಹತ್ತಿರ ಕೇಳಿ, ಆದರೆ ಗ್ರಂಥಾಲಯದಲ್ಲಿ ಇಂಥದ್ದು ಇರಲೇಬೇಕು ಎನ್ನುವ ಹಕ್ಕು ನಿಮಗಿಲ್ಲ ಎಂದಿತು. ಆ ಕೋರ್ಟಿನ ವ್ಯಾಪ್ತಿಯ ಟೆಕ್ಸಾಸ್, ಲೂಸಿಯಾನಾ, ಮಿಸಿಸಿಪ್ಪಿಗೆ ಈಗ ಇದೇ ಕಾನೂನು.

ಗಿರೀಶ ಚಿಕ್ಕಪ್ಪ: ಸರಿಯಾಗೇ ಇದೆ. ಕಪಾಟು ಸರ್ಕಾರದ್ದು, ದುಡ್ಡು ಸರ್ಕಾರದ್ದು. ಪುಸ್ತಕ ಆರಿಸುವವರೂ ಅವರೇ.

ದೊಡ್ಡಪ್ಪ: ದುಡ್ಡು ಯಾರದು ಗಿರೀಶ? ನಿನ್ನ ಆಸ್ತಿ ತೆರಿಗೆ ರಸೀದಿ ನೋಡು. ಗ್ರಂಥಾಲಯ ಕರ ಅಂತ ಶೇ 6 ಹಿಡಿದಿರುತ್ತಾರೆ.

ಗಿರೀಶ ಚಿಕ್ಕಪ್ಪ: ಅಣ್ಣ, ನೀನೂ ಪುಸ್ತಕ ತೆಗೆದು ರದ್ದಿಗೆ ಹಾಕಿದವನೇ.

ದೊಡ್ಡಪ್ಪ: ಹಾಕಿದ್ದೇನೆ. ಹರಿದದ್ದು, ಗೆದ್ದಲು ಹಿಡಿದದ್ದು, ಹಳೇ ಗೈಡುಗಳು. ಪ್ರತಿಯೊಂದಕ್ಕೂ ಅಕ್ಸೆಶನ್ ರಿಜಿಸ್ಟರಿನಲ್ಲಿ (ಗ್ರಂಥಾಲಯಕ್ಕೆ ಬಂದ ಪುಸ್ತಕಗಳ ದಾಖಲೆ) ಕಾರಣ ಬರೆದು, ಸಹಿ ಹಾಕಿಸಿ ತೆಗೆಯುತ್ತಿದ್ದೆವು. ಲ್ಯಾನೋದವರೂ ಹಳೆ ಪುಸ್ತಕ ತೆಗೆಯುವ ಮಾಮೂಲಿ ಕೆಲಸ ಎಂದೇ ಹೇಳಿದರಂತಲ್ಲ?

ನಾನು: ಹೌದು ದೊಡ್ಡಪ್ಪ. ಆದರೆ ಕೇಸು ನಡೆಯುತ್ತಿದ್ದಾಗ ಕೌಂಟಿಯ ವಕೀಲರೇ ಹೆಸರು ಹೇಳದೆ ಅದೇ 17 ಪುಸ್ತಕ ದಾನ ಕೊಟ್ಟರು! ಅವನ್ನು ಕೌಂಟರ್ ಹಿಂದೆ ಇಟ್ಟರು. ಕೇಳಿದವರಿಗೆ ಕೊಡುತ್ತೇವೆ ಎಂದರು. ಕ್ಯಾಟಲಾಗಿನಲ್ಲಿ ಮಾತ್ರ ಹೆಸರಿಲ್ಲ. ಇದೆ ಎಂದು ಗೊತ್ತಿಲ್ಲದವನು ಕೇಳುವುದು ಹೇಗೆ?

ವಾಣಿ ಅತ್ತೆ: ಇದು ಚಾಲಾಕಿ.

ನಾನು: ಪುಸ್ತಕ ತೆಗೆಯಲು ಒಪ್ಪದ ಕಿಂಗ್ಸ್‌ಲ್ಯಾಂಡ್ ಶಾಖೆಯ ಮುಖ್ಯಸ್ಥೆಯನ್ನು 2022ರಲ್ಲಿ ಕೆಲಸದಿಂದ ತೆಗೆದರು. ಆಕೆ ಬೇರೆ ಕೇಸು ಹಾಕಿದರು. ಕೌಂಟಿ 2,25,000 ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ಗಿರೀಶ ಚಿಕ್ಕಪ್ಪ: ಅವರದು ಬಿಡು, ನಮ್ಮಲ್ಲಿ ಏನು ಕಮ್ಮಿ? 'ಧರ್ಮಕಾರಣ' ಕಾದಂಬರಿ ನೆನಪಿದೆಯಾ? ಸರ್ಕಾರವೇ ಮುಟ್ಟುಗೋಲು ಹಾಕಿತು.

ದೊಡ್ಡಪ್ಪ: ನೆನಪಿಲ್ಲದೆ ಏನು. ಪಿ.ವಿ. ನಾರಾಯಣ ಅವರದು. 1997ರಲ್ಲಿ ಮುಟ್ಟುಗೋಲು, 2007ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದು ಇದಕ್ಕಿಂತ ದೊಡ್ಡ ಏಟು, ಒಪ್ಪುತ್ತೇನೆ. ಅಂಗಡಿಯಲ್ಲೂ ಸಿಗಬಾರದು ಎನ್ನುವ ಆದೇಶ ಅದು. ಆದರೆ ಒಂದು ವಿಷಯ ಗಮನಿಸು. ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 95ನೇ ಕಲಂ ಪ್ರಕಾರ ಸರ್ಕಾರ ಕಾರಣವನ್ನು ಬರೆದು ಪ್ರಕಟಿಸಲೇಬೇಕು. 96ರ ಪ್ರಕಾರ ಎರಡು ತಿಂಗಳೊಳಗೆ ಹೈಕೋರ್ಟಿಗೆ ಹೋಗಬಹುದು, ಮೂವರು ನ್ಯಾಯಮೂರ್ತಿಗಳು ಕೂತು ಕೇಳುತ್ತಾರೆ. ಸೋತರೂ ಬಾಗಿಲು ಇತ್ತು. ಟೆಕ್ಸಾಸ್‌ನಲ್ಲಿ ಓದುಗನಿಗೆ ಆ ಬಾಗಿಲೇ ಮುಚ್ಚಿತು. ನನ್ನ ತಕರಾರು ಅದೊಂದೇ.

ಗಿರೀಶ ಚಿಕ್ಕಪ್ಪ: ಪ್ರತಿ ಪುಸ್ತಕಕ್ಕೂ ಕೋರ್ಟು ಅಂದರೆ ಗ್ರಂಥಾಲಯ ನಡೆಸುವುದು ಹೇಗೆ? ಚುನಾವಣೆಯಲ್ಲಿ ಕೌಂಟಿಯವರನ್ನು ಬದಲಾಯಿಸಲಿ.

ನಾನು: ಹೆಚ್ಚು ಮತ ಬಿದ್ದವರಿಗೆ ಇಷ್ಟವಾದ ಪುಸ್ತಕ ಮಾತ್ರ ಕಪಾಟಿನಲ್ಲಿ ಅಂದ ಹಾಗಾಯಿತು ಚಿಕ್ಕಪ್ಪ. ಪಕ್ಷ ಬದಲಾದಾಗ ನಿಮ್ಮ ಇಷ್ಟದ್ದೂ ಹೋಗುತ್ತದೆ.

ವಾಣಿ ಅತ್ತೆ: ಮಕ್ಕಳ ವಿಷಯಕ್ಕೆ ಯಾರೂ ಉತ್ತರ ಕೊಡಲಿಲ್ಲ. ನನ್ನ ಮೊಮ್ಮಗಳು ಏನು ಓದಬೇಕು ಎಂದು ಅವಳ ಅಮ್ಮ ಹೇಳಬಾರದಾ?

ದೊಡ್ಡಪ್ಪ: ಹೇಳಲಿ, ಅವಳ ಮಗಳಿಗೆ. ಪಕ್ಕದ ಮನೆ ಹುಡುಗಿಗೆ ಅವಳ ಅಮ್ಮ ಇದ್ದಾಳೆ.

ಗಿರೀಶ ಚಿಕ್ಕಪ್ಪ: ಅಣ್ಣ, ಇದಕ್ಕೆ ಹೇಳು. ಆ 'ಕಾಸ್ಟ್' ಪುಸ್ತಕವನ್ನು ಮೊದಲೇ ಕೊಳ್ಳದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಕೊಂಡು ತೆಗೆದರೆ ಮಾತ್ರ ತಪ್ಪಾ?

ದೊಡ್ಡಪ್ಪ: ಒಳ್ಳೇ ಪ್ರಶ್ನೆ. ಕೊಳ್ಳದಿರುವುದಕ್ಕೆ ದುಡ್ಡಿಲ್ಲ, ಜಾಗವಿಲ್ಲ ಎಂದು ಏನೇನೋ ಕಾರಣ ಇರುತ್ತದೆ. ಚೆನ್ನಾಗಿರುವ ಪುಸ್ತಕವನ್ನು ಜನ ಓದುತ್ತಿರುವಾಗಲೇ ತೆಗೆದರೆ ಕಾರಣ ಹೇಳು ಎಂದು ಕೇಳಬಾರದಾ?

ಗಿರೀಶ ಚಿಕ್ಕಪ್ಪ: ಆಯ್ಕೆ ಸಮಿತಿಯಲ್ಲಿ ಕೂತು ತಮಗಾಗದವರ ಪುಸ್ತಕ ಬಿಟ್ಟವರು ನಿನ್ನ ಕಾಲದಲ್ಲಿ ಇರಲಿಲ್ಲವಾ? ಅವರು ಯಾವ ಕಾರಣ ಬರೆದರು?

ದೊಡ್ಡಪ್ಪ: ಅದನ್ನು ಇಲ್ಲಿ ಟೈಪ್ ಮಾಡುವುದಿಲ್ಲ. ಸಂಜೆ ಫೋನ್ ಮಾಡು.